ಆರನೆಯ ನಾಜಲ್

ಮಡಕಶಿರಾ ಸುತ್ತಲಿನ ಹಿಪ್ಪುನೇರಳೆ ತೋಟಗಳಿಗೆ ಡ್ರಿಪ್ ಪೈಪು ಹಾಕುವುದು ನನ್ನ ಕೆಲಸ. ಹೋದ ವರ್ಷ ರೊಳ್ಳ ಎಂಬ ಊರಿನ ಹತ್ತಿರ ಪಾತಲಿಂಗಪ್ಪನವರು ಮನೆ ಮುಂದಿನ ಹುಲ್ಲಿಗೆ ತಾನಾಗಿಯೇ ನೀರು ಚಿಮ್ಮುವ ಸ್ಪ್ರಿಂಕ್ಲರ್ ಹಾಕಿಸಲು ಕರೆದರು. ಪೈಪೆಲ್ಲ ನೆಲದೊಳಗೆ, ನೀರು ಬಂದಾಗ ಮಾತ್ರ ತಲೆ ಎತ್ತುವ ಆರು ನಾಜಲ್‌ಗಳು.

ಅವರ ತಾಯಿ ಕೆಂಪಕ್ಕ ಮೂಲೆಯ ಚಪ್ಪಡಿಕಲ್ಲಿನ ಬಳಿ ಕೂತಿದ್ದರು. "ಇಲ್ಲಿ ಅಗೀಬ್ಯಾಡ ಕಣಪ್ಪ. ನನ್ನ ಚೊಚ್ಚಲ ಮಗೀನ ಮಣ್ಣು ಮಾಡಿರೋದು ಇಲ್ಲೇ. ದಿನಾ ಒಂದು ಚೊಂಬು ನೀರು ಹುಯ್ತೀನಿ."

"ಇನ್ಮ್ಯಾಕೆ ಮಿಷನ್ನೇ ಹುಯ್ತದೆ ಬಿಡಮ್ಮ, ನೀನು ಆರಾಮಾಗಿ ಮಲಕ್ಕೋ," ಎಂದು ಮಗ ನಕ್ಕರು.

ಕಲ್ಲನ್ನು ಬಿಟ್ಟು ಪೈಪನ್ನು ಬಳಸಿಕೊಂಡು ಒಯ್ಯುತ್ತೇನೆಂದು ಕೆಂಪಕ್ಕನಿಗೆ ಮಾತು ಕೊಟ್ಟೆ. ಅವರು ಊಟಕ್ಕೆ ಎದ್ದಾಗ ಕಲ್ಲಿನ ಬುಡದಲ್ಲೇ ಅಗೆದು ಆರನೆಯ ನಾಜಲ್ ಕೂರಿಸಿದೆ. ಮೊಳದ ಆಳದಲ್ಲಿ ಮಣ್ಣು ಮೈಯಷ್ಟು ಬೆಚ್ಚಗಿತ್ತು.

ವಾಲ್ವ್ ತೆರೆದಾಗ ಐದು ನಾಜಲ್‌ಗಳು ಚಿಮ್ಮಿದವು. ಆರನೆಯದು ತಲೆ ಎತ್ತಿತು, ಹನಿ ನೀರು ಬರಲಿಲ್ಲ. ವಾಲ್ವ್ ಮುಚ್ಚಿದರೂ ಅದು ಕೆಳಗಿಳಿಯದೆ, ಕೆಂಪಕ್ಕ ಉಣ್ಣುತ್ತಿದ್ದ ಅಡುಗೆಮನೆಯ ಬಾಗಿಲ ಕಡೆ ತಿರುಗಿ ನಿಂತಿತು. ಕೆಟ್ಟಿದೆಯೆಂದು ಬದಲಾಯಿಸಿ, ಕಿತ್ತಿದ್ದನ್ನು ನನ್ನ ಅಂಗಡಿಗೆ ತಂದೆ.

ವಾರದ ಮೇಲೆ ಕೆಂಪಕ್ಕ ಆಟೋ ಹತ್ತಿ ಅಂಗಡಿಗೆ ಬಂದರು. "ನಾನು ಹುಯ್ದ ನೀರು ಇಂಗ್ತಾನೇ ಇಲ್ಲ ಕಣಪ್ಪ. ಕುಡಿಯೋರು ಇಲ್ದಂಗೆ ಹಂಗೇ ನಿಲ್ತದೆ. ಅಲ್ಲಿಂದ ಏನಾದ್ರೂ ತಂದ್ಯಾ?"

"ಇಲ್ಲ ಕಣಮ್ಮ," ಎಂದೆ.

ನಾಜಲ್ ಅವರ ಬೆನ್ನ ಹಿಂದಿನ ಹಲಗೆಯ ಮೇಲೆ, ತಲೆ ಎತ್ತಿಕೊಂಡು, ಅವರತ್ತಲೇ ತಿರುಗಿತ್ತು. ಅವರು ಹೋದ ಮೇಲೆ ಹತ್ತಿರ ಹೋದೆ. ಹಲಗೆ ಒದ್ದೆಯಾಗಿತ್ತು, ನೀರು ಬೆಚ್ಚಗಿತ್ತು. ಅಷ್ಟರಲ್ಲಿ ನಾಜಲ್ ಕೆಂಪಕ್ಕನ ಆಟೋ ಹೋದ ರೊಳ್ಳದ ರಸ್ತೆಯ ಕಡೆ ತಿರುಗಿತ್ತು.