ಗ್ಯಾಲರಿಯ ಕೆಂಪು ಮೂಗು

ಲಂಡನ್ನಿನ ಆ ಚಿತ್ರದಂಗಡಿಯ ಮಾಳಿಗೆಯಲ್ಲಿ ಐವರು ಹೆಂಗಸರು ಮೇಜಿನ ಸುತ್ತ ಕೂತು, ಅಚ್ಚಾಗಿ ಬಂದ ನಗೆಚಿತ್ರಗಳಿಗೆ ಬಣ್ಣ ತುಂಬುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಟ್ಯಾಬಿತಾಳದು ಕೆಂಪು. ನಾಟಕಶಾಲೆಯ ಚಿತ್ರವಾದರೆ, ಬಾಕ್ಸ್ ಎಂಬ ದುಬಾರಿ ಆಸನಗಳಲ್ಲಿ ಕೂತ ಸಿರಿವಂತ ಹೆಂಗಸರ ಕೆನ್ನೆಗೆ ನೀರು ಬೆರೆಸಿದ ತೆಳು ಕೆಂಪು; ಮೇಲಿನ ಅಗ್ಗದ ಗ್ಯಾಲರಿಯವರ ಮೂಗಿಗೆ ಅದೇ ಬಟ್ಟಲಿನ ಗಟ್ಟಿ ಕೆಂಪು. ಅಂಗಡಿಯ ವಾಡಿಕೆ ಹಾಗೆ.

ಆ ಸೋಮವಾರ ಹೊಸ ಚಿತ್ರ ನೋಡಿ ಪಕ್ಕದ ಮಾರ್ಥಾ ಕಿಸಕ್ಕನೆ ನಕ್ಕಳು.

"ಲೇ ಟ್ಯಾಬಿ, ಗ್ಯಾಲರೀಲಿ ಬಾಯಿ ಅಗಲಿಸ್ಕೊಂಡು ನಗ್ತಿರೋಳು ನೀನೇ ಅಲ್ವೇನೇ? ಟೋಪಿ ತೇಪೇನೂ ಬಿಟ್ಟಿಲ್ಲ!"

ತೇಪೆ ಅವಳದೇ. ಹೋದ ತಿಂಗಳು ನಾಟಕಕ್ಕೆ ಕರೆದೊಯ್ದು, ಪಕ್ಕ ಕೂತು ಕಿತ್ತಳೆ ಸುಲಿದು ಕೊಟ್ಟ ಜೋಸಾಯ ಪಿಮ್‌ನೇ ಅಚ್ಚಿನ ತಾಮ್ರದ ತಗಡಿನ ಮೇಲೆ ಈ ಚಿತ್ರ ಕೊರೆದವನು. ಇದಕ್ಕೇ ಕರೆದೊಯ್ದನೇ?

ನಲವತ್ತು ಹಾಳೆಗಳಲ್ಲೂ ಆ ಒಂದು ಮೂಗಿಗೆ ಅವಳು ಬಣ್ಣ ಮುಟ್ಟಿಸಲಿಲ್ಲ.

ಸಂಜೆ ಜೋಸಾಯ ಹಾಳೆ ಹಿಡಿದು ಮಾಳಿಗೆ ಹತ್ತಿ ಬಂದ. "ಮೂಗು ಬಿಟ್ಟಿದ್ದೀರಿ."

"ಬೇಕಂತಲೇ ಬಿಟ್ಟಿದ್ದು. ಯಜಮಾನರಿಗೆ ಹೇಳಿ, ಕೆಲಸದಿಂದ ತೆಗೀಲಿ."

"ಅಣಕಿಸೋಕೆ ಬರೀಲಿಲ್ಲ ರೀ. ಬಾಕ್ಸಲ್ಲಿದ್ದ ಆರು ಹೆಂಗಸರಲ್ಲಿ ಒಬ್ಬರೂ ನಾಟಕ ನೋಡ್ತಿರ್ಲಿಲ್ಲ. ಮನಸಿಟ್ಟು ನೋಡ್ತಿದ್ದೋರು ನೀವೊಬ್ರೇ. ಕೈ ಅಲ್ಲೇ ಹೋಯ್ತು."

"ನಾಳೆ ಅಂಗಡಿ ಕಿಟಕಿ ಮುಂದೆ ಊರೆಲ್ಲ ನಿಂತು ನನ್ನ ನೋಡಿ ನಗುತ್ತೆ. ನೀವೂ ಪಕ್ಕದಲ್ಲೇ ಇದ್ರಲ್ಲ, ಚಿತ್ರದಲ್ಲಿ ಎಲ್ಲಿದ್ದೀರಿ?"

ಅವನು ಚಿತ್ರದ ಗ್ಯಾಲರಿಯನ್ನು ಮತ್ತೊಮ್ಮೆ ನೋಡಿದ. ಹಾಳೆ ಮಡಿಸಿಕೊಂಡು ಇಳಿದು ಹೋದ.

ಗುರುವಾರ ಬೆಳಿಗ್ಗೆ ಒಂದೇ ಒಂದು ಹಾಳೆ ತಂದ. ಹಳೆಯ ಗೆರೆ ಅಳಿಸಲು ತಾಮ್ರವನ್ನು ಹಿಂದಿನಿಂದ ತಟ್ಟಿ, ಉಜ್ಜಿ, ಮತ್ತೆ ಕೊರೆದಿದ್ದ. ಚಿತ್ರದ ಬೆಂಚಿನ ಮೇಲೆ ಅವಳ ಪಕ್ಕದಲ್ಲಿ ಈಗ ಪಿಮ್ ಇದ್ದ: ಅವಳದಕ್ಕಿಂತ ದೊಡ್ಡ ಮೂಗು, ಬೀಸಣಿಗೆಯಂಥ ಕಿವಿ, ಕೈಯಲ್ಲಿ ಕಿತ್ತಳೆ. ಅವಳ ಬೆರಳಲ್ಲಿ ಒಂದು ಉಂಗುರ.

ಟ್ಯಾಬಿತಾ ಎರಡು ಸಲ ನೋಡಿದಳು.

"ಮಿಸ್ಟರ್ ಪಿಮ್, ಮದುವೆ ಉಂಗುರ ಯಾವ ಕೈಗೆ ಹಾಕ್ತಾರೆ?"

"ಎಡಗೈಗೆ."

"ಇದು ಬಲಗೈ."

ತಾಮ್ರದಲ್ಲಿ ಕೊರೆದದ್ದು ಕಾಗದದಲ್ಲಿ ಎಡಬಲ ಅದಲುಬದಲಾಗುತ್ತದೆ ಎಂಬುದು ಆ ಕಸುಬಿನ ಮೊದಲ ದಿನದ ಪಾಠ. ಹನ್ನೆರಡು ವರ್ಷ ಕೊರೆದವನು ಅದನ್ನೇ ಮರೆತಿದ್ದ. ಅವನ ಕಿವಿ ನಾಚಿಕೆಯಿಂದ ಕೆಂಪೇರಿತು; ಅದಕ್ಕೆ ಯಾರೂ ಬಣ್ಣ ಹಚ್ಚಬೇಕಿರಲಿಲ್ಲ.

"ಉಂಗುರದ ಯೋಚನೇಲಿ ಎಡಬಲ ಮರೆತೆ," ಎಂದ. "ಮತ್ತೆ ತಟ್ಟಿ ಸರಿ ಮಾಡ್ತೀನಿ."

"ಇನ್ನೊಂದು ಏಟು ಕೊಟ್ರೆ ತಾಮ್ರ ತೂತಾಗುತ್ತೆ."

ಅವಳು ಕುಂಚವನ್ನು ಗಟ್ಟಿ ಕೆಂಪಿನಲ್ಲಿ ಅದ್ದಿ ಮೊದಲು ಅವನ ಮೂಗಿಗೆ ಹಚ್ಚಿದಳು, ಆಮೇಲೆ ತನ್ನದಕ್ಕೆ, ಅಷ್ಟೇ ಕೆಂಪು. ಕುಂಚ ಕೆಳಗಿಟ್ಟು ಎಡಗೈ ಮುಂದೆ ಚಾಚಿದಳು.

"ಸರಿ ಮಾಡೋದಿದ್ರೆ ಇಲ್ಲಿ ಮಾಡಿ."