ಅಮ್ಮನ ಎತ್ತರದ ಬೈಕು

"ಅಲ್ಲಿ ಕೊಯ್ಯಬೇಡ ಮಾವ! ಅದು ನಾನು ಕೂತ್ಕೊಳ್ಳೋ ಜಾಗ!"

ಬೈಕಿನ ಸೀಟಿನ ಹಿಂದಿನ ಕಂಬಿಯ ಮೇಲೆ ಮಾವನ ಗರಗಸ ನಿಂತಿತು. ಅವನು ಕನ್ನಡಕವನ್ನು ಹಣೆಗೆ ಏರಿಸಿ ಅಮ್ಮನ ಕಡೆ ನೋಡಿದ.

"ಕೊಯ್ಯಿ," ಎಂದಳು ಅಮ್ಮ. "ಅಲ್ಲೇ ಗುರುತು ಹಾಕಿದ್ದೀನಲ್ಲ."

ಚರ್ ಚರ್ ಎಂದು ಕಬ್ಬಿಣದ ಪುಡಿ ಉದುರಿತು. ಚೂಟಿ ಎರಡೂ ಕಿವಿ ಮುಚ್ಚಿಕೊಂಡಳು. ದಿನಾ ಬೆಳಿಗ್ಗೆ ಅವಳು ಆ ಸೀಟಿನ ಹಿಂದುಗಡೆ ಕೂತು, ಅಮ್ಮನ ಸೊಂಟ ಹಿಡಿದು ಶಾಲೆಗೆ ಹೋಗುತ್ತಿದ್ದಳು. ಇನ್ನು ಮೇಲೆ ಅಲ್ಲೊಂದು ಕ್ಯಾರಿಯರ್ ಬರುತ್ತದಂತೆ. ಅದರ ಮೇಲೆ ಲಸಿಕೆಯ ಐಸ್ ಡಬ್ಬಿ ಕೂರುತ್ತದಂತೆ.

"ನಿನಗೆ ನನಗಿಂತ ಡಬ್ಬೀನೇ ಹೆಚ್ಚಾಯ್ತಾ?"

"ಡಬ್ಬಿ ನಿನ್ನ ಹಾಗೆ ದಾರಿಯುದ್ದಕ್ಕೂ ವಟವಟ ಅನ್ನಲ್ಲ," ಎಂದ ಮಾವ.

ಚೂಟಿಗೆ ನಗು ಬರಲಿಲ್ಲ.

ಅಮ್ಮ ನರ್ಸ್. ಇಷ್ಟು ದಿನ ಊರಿನ ಆಸ್ಪತ್ರೆಯಲ್ಲೇ ಕೆಲಸವಿತ್ತು. ಮುಂದಿನ ಸೋಮವಾರದಿಂದ ಗುಡ್ಡದ ಮೇಲಿನ ಹಳ್ಳಿಗಳಿಗೆ ಹೋಗಿ ಪುಟ್ಟ ಮಕ್ಕಳಿಗೆ ಇಂಜೆಕ್ಷನ್ ಕೊಡಬೇಕು. ಡಾಂಬರು ರಸ್ತೆ ಅರ್ಧದಲ್ಲೇ ಮುಗಿಯುತ್ತದೆ. ಆಮೇಲೆ ಬರೀ ಕಲ್ಲು, ಕೆಸರು, ಹಳ್ಳ. ಸೋಮವಾರ ಹತ್ತಿದರೆ ಇಳಿಯುವುದು ಗುರುವಾರ.

"ಹೊಸ ಬೈಕ್ ಬೇಡ. ಇದರ ಗುಣ ನನಗೆ ಗೊತ್ತು. ಇದನ್ನೇ ಗುಡ್ಡ ಹತ್ತೋ ಹಾಗೆ ಮಾಡಿಕೊಡು," ಎಂದು ಅಮ್ಮ ತನ್ನ ಅಣ್ಣನಿಗೆ ಹೇಳಿದ್ದಳು. ಮಾವನ ಗ್ಯಾರೇಜು ಮನೆಯ ಹಿಂದೆಯೇ ಇತ್ತು. ಅಮ್ಮ ಡ್ಯೂಟಿ ಮುಗಿಸಿ ಬಂದವಳೇ ಹಳೇ ಶರ್ಟು ತೊಟ್ಟು, ಸ್ಪ್ಯಾನರ್ ಹಿಡಿದು ಅಲ್ಲಿಗೆ ಹೋಗಿಬಿಡುತ್ತಿದ್ದಳು.

ಸಂಜೆ ಸಂಜೆಗೂ ಬೈಕಿನ ರೂಪ ಬದಲಾಯಿತು. ನಯವಾದ ಟೈರು ಹೋಗಿ ಗಂಟುಗಂಟಿನ ಟೈರು ಬಂತು. ನೀರು ಹೋಗದಿರಲೆಂದು ಸೈಲೆನ್ಸರ್ ಮೇಲಕ್ಕೆ ಏರಿತು. ಎಂಜಿನ್ನಿನ ಹೊಟ್ಟೆಗೆ ದಪ್ಪ ತಗಡಿನ ಕವಚ ಬಂತು. ಹ್ಯಾಂಡಲ್ ಅಗಲವಾಯಿತು. ಹಿಂದೆ ಮುಂದೆ ಕುಲುಕು ತಡೆಯುವ ಉದ್ದನೆಯ ಶಾಕ್ ಸ್ಪ್ರಿಂಗ್ ಹಾಕಿದ ಮೇಲಂತೂ ಬೈಕು ಕಾಲು ಚಾಚಿ ಎದ್ದು ನಿಂತಂತೆ ಕಂಡಿತು.

"ಇದು ಬೈಕಲ್ಲ, ಒಂಟೆ," ಎಂದ ಮಾವ ಖುಷಿಯಿಂದ.

"ಯಾಕಿಷ್ಟು ಎತ್ತರ?" ಚೂಟಿ ಸಿಡುಕಿದಳು.

"ಕಲ್ಲು ಹೊಟ್ಟೆಗೆ ಬಡೀಬಾರದಲ್ಲ ಮರಿ."

ಅಮ್ಮ ಬೈಕನ್ನು ಸೈಡ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ದೂರದಿಂದ ನೋಡೋಣವೆಂದು ಹಿಂದೆ ಸರಿದಳು. ಒಂಟೆ ಮೆಲ್ಲಗೆ ವಾಲಿತು. ಇನ್ನೂ ವಾಲಿತು. ಧಡ್!

"ಅಯ್ಯೋ, ಬೈಕ್ ಎತ್ತರ ಮಾಡಿದೆ, ಸ್ಟ್ಯಾಂಡ್ ಉದ್ದ ಮಾಡೋದು ಮರ್ತೇಬಿಟ್ಟೆ," ಎಂದು ಮಾವ ತಲೆ ಚಚ್ಚಿಕೊಂಡ. ಬುಸುಬುಸು ಎನ್ನುತ್ತಾ ಅದನ್ನು ಎತ್ತಿ ನಿಲ್ಲಿಸಿದ. ಅವನ ಕುತ್ತಿಗೆಯ ನರಗಳು ಉಬ್ಬಿದ್ದವು.

ಚೂಟಿ ಒಂದು ಹೆಜ್ಜೆ ಹಿಂದೆ ಸರಿದಳು. ಸೀಟಿನ ಮೇಲಿದ್ದ ಸಿಟ್ಟು ಎಲ್ಲಿ ಹೋಯಿತೋ. ಮಾವನಿಗೇ ಇಷ್ಟು ಕಷ್ಟ. ಗುಡ್ಡದ ಮೇಲೆ ಬಿದ್ದರೆ?

"ಅಮ್ಮ, ಆ ದಾರೀಲಿ ಯಾರಿರ್ತಾರೆ?"

"ಯಾರಿರ್ತಾರೆ? ಒಂದೆರಡು ದನ ಸಿಕ್ಕಿದ್ರೆ ಪುಣ್ಯ," ಎಂದಳು ಅಮ್ಮ, ಬೋಲ್ಟ್ ತಿರುಗಿಸುತ್ತಲೇ.

ಆಮೇಲೆ ಚೂಟಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಊಟಕ್ಕೆ ಕೂತರೆ ನೀರು ತರಲು ಎದ್ದಳು. ನೀರು ತಂದ ಮೇಲೆ ಬಾಗಿಲು ಹಾಕಿದೆಯೇ ನೋಡಲು ಹೋದಳು.

"ಬಾಗಿಲು ಅಲ್ಲೇ ಇದೆ, ಓಡಿಹೋಗಲ್ಲ. ಉಣ್ಣು," ಎಂದ ಅಪ್ಪ.

ಕ್ಲಾಸಿನಲ್ಲೂ ಅದೇ. ಲೆಕ್ಕದ ಮಿಸ್ ಬೋರ್ಡಿನಿಂದ ತಿರುಗಿ, "ಏನೇ, ಕಾಲೊಳಗೆ ಇರುವೆ ಬಿಟ್ಕೊಂಡಿದ್ದೀಯಾ?" ಎಂದರು. ಎಲ್ಲರೂ ಗೊಳ್ಳೆಂದು ನಕ್ಕರು. ಚೂಟಿಗೆ ಬೋರ್ಡಿನ ಮೇಲೆ ಭಾಗಾಕಾರ ಕಾಣುತ್ತಿರಲಿಲ್ಲ. ಕಲ್ಲು ದಾರಿ, ಅದರಲ್ಲಿ ಅಡ್ಡ ಬಿದ್ದ ಬೈಕು, ಅದರ ಪಕ್ಕ ಅಮ್ಮ ಒಬ್ಬಳೇ.

ಭಾನುವಾರ ಬೆಳಿಗ್ಗೆ ಅಮ್ಮ, ಮಾವ, ಚೂಟಿ ಮೂವರೂ ಶಾಲೆಯ ಹಿಂದಿನ ಮೈದಾನಕ್ಕೆ ಹೋದರು. ಅಲ್ಲಿ ಒಂದು ಮೂಲೆಯಲ್ಲಿ ಮಣ್ಣಿನ ದಿಬ್ಬ, ಜಲ್ಲಿ, ಹೊಂಡ ಎಲ್ಲ ಇದ್ದವು. ಅಮ್ಮ ಹೆಲ್ಮೆಟ್ ಹಾಕಿ, ಮೊಣಕಾಲಿಗೆ ಮೊಣಕೈಗೆ ಪ್ಯಾಡ್ ಕಟ್ಟಿ, ಬೈಕು ಹತ್ತಿದಳು.

ಅಮ್ಮ ಕುಳ್ಳಿ. ಎರಡು ಕಾಲು ಚಾಚಿದರೂ ಹೆಬ್ಬೆರಳ ತುದಿಯಷ್ಟೇ ನೆಲಕ್ಕೆ ತಾಗಿತು. ಬೈಕು ಅತ್ತ ತೂಗಿತು, ಇತ್ತ ತೂಗಿತು, ಅಮ್ಮನನ್ನು ಹೊತ್ತುಕೊಂಡೇ ಪಕ್ಕಕ್ಕೆ ಉರುಳಿತು.

"ಅಮ್ಮಾ!"

ಚೂಟಿ ಓಡಿದಳು. ಅಷ್ಟರಲ್ಲಿ ಅಮ್ಮ ಎದ್ದು ಧೂಳು ಕೊಡವಿಕೊಳ್ಳುತ್ತಿದ್ದಳು. ಮಾವ ಬೈಕು ಎತ್ತಿದ. ಅಮ್ಮ ಮತ್ತೆ ಹತ್ತಿದಳು. ಮತ್ತೆ ಉರುಳಿದಳು.

"ಶಾಕ್ ಸ್ವಲ್ಪ ಇಳಿಸಿಬಿಡ್ಲಾ?" ಎಂದ ಮಾವ.

"ಇಳಿಸಿದ್ರೆ ಕಲ್ಲು ಬಡಿಯುತ್ತೆ ಅಂದಿದ್ದೆಯಲ್ಲ," ಎಂದಳು ಅಮ್ಮ. ಅವಳ ಮುಖ ಕೆಂಪೇರಿತ್ತು.

ಚೂಟಿ ಉಗುರು ಕಚ್ಚುತ್ತಾ ಸುತ್ತು ಹಾಕುತ್ತಿದ್ದಳು. ಥಟ್ಟನೆ ನಿಂತಳು.

"ಅಮ್ಮ, ಎರಡೂ ಕಾಲು ಯಾಕೆ ಇಡ್ತೀಯ?"

"ಮತ್ತೆ?"

"ಒಂದೇ ಕಾಲು ಇಡು. ಸೀಟಿಂದ ಸ್ವಲ್ಪ ಒಂದು ಪಕ್ಕಕ್ಕೆ ಜಾರಿಕೋ. ನಾನು ಅಪ್ಪನ ದೊಡ್ಡ ಸೈಕಲ್ ಹಾಗೇ ನಿಲ್ಸೋದು. ಎರಡೂ ಇಡೋಕೆ ಹೋದ್ರೆ ಎರಡೂ ಎಟಕಲ್ಲ."

ಅಮ್ಮ ಮಾವನ ಮುಖ ನೋಡಿದಳು. ಮಾವ, "ನನ್ನ ಕಾಲು ಉದ್ದ, ನನಗೇನು ಗೊತ್ತು?" ಎಂದು ಭುಜ ಹಾರಿಸಿದ.

ಅಮ್ಮ ಪಕ್ಕಕ್ಕೆ ಜಾರಿದಳು. ಎಡಗಾಲಿನ ಅಂಗಾಲು ಪೂರ್ತಿಯಾಗಿ ಮಣ್ಣಿನ ಮೇಲೆ ಕೂತಿತು. ಬೈಕು ಅಲ್ಲಾಡದೆ ನಿಂತಿತು.

ಆಮೇಲೆ ಶುರುವಾಯಿತು ನೋಡಿ! ಗುಡುಗುಡು ಎಂದು ಒಂಟೆ ಜಲ್ಲಿ ದಾಟಿತು, ಹೊಂಡಕ್ಕೆ ಇಳಿದು ಮೇಲೆದ್ದಿತು. ಅಮ್ಮ ಕಾಲಿಡುವ ಪೆಗ್ ಮೇಲೆ ನಿಂತುಕೊಂಡೇ ಓಡಿಸಿದಳು. ಚೂಟಿ ಕುಣಿದಾಡಿಬಿಟ್ಟಳು.

ಆದರೆ ದಿಬ್ಬದ ತುದಿಯಲ್ಲಿ ಹಿಂದಿನ ಚಕ್ರ ಜಾರಿತು. ಬೈಕು ಒಂದು ಕಡೆ, ಅಮ್ಮ ಒಂದು ಕಡೆ.

ಚೂಟಿ ಹೌಹಾರಿ ಓಡಿದಳು. ಮಾವನೂ ಓಡಿದ.

"ಯಾರೂ ಮುಟ್ಟಬೇಡಿ!" ಮೇಲಿನಿಂದ ಅಮ್ಮ ಕೂಗಿದಳು. "ಅಲ್ಲೇ ನಿಲ್ಲಿ!"

ಅಮ್ಮ ಎಂಜಿನ್ ಆಫ್ ಮಾಡಿದಳು. ಉರುಳದಿರಲೆಂದು ಗೇರಿಗೆ ಹಾಕಿದಳು. ಮಾವ ಉದ್ದ ಮಾಡಿಕೊಟ್ಟಿದ್ದ ಸೈಡ್ ಸ್ಟ್ಯಾಂಡ್ ಬಿಡಿಸಿಟ್ಟಳು. ಆಮೇಲೆ ಬೈಕಿಗೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತಳು. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಕ್ಯಾರಿಯರ್. ಸೊಂಟವನ್ನು ಸೀಟಿಗೆ ಆನಿಸಿ, ಕಾಲೂರಿ, ಹಿಂದಕ್ಕೆ ಹಿಂದಕ್ಕೆ ಪುಟ್ಟ ಹೆಜ್ಜೆ ಇಟ್ಟಳು.

ಬೈಕು ಎದ್ದಿತು. ಅರ್ಧ ಎದ್ದು ಅಲ್ಲೇ ತೂಗಾಡಿತು. ಓಡಿಹೋಗಿ ಕೈಜೋಡಿಸಬೇಕೆಂದು ಚೂಟಿಯ ಮೈಯೆಲ್ಲ ತುಡಿಯುತ್ತಿತ್ತು. ಆದರೂ ಹೋಗಲಿಲ್ಲ. ಮಾವ ಒಂದು ಹೆಜ್ಜೆ ಮುಂದಿಟ್ಟಾಗ, ಅವನ ಶರ್ಟಿನ ತುದಿ ಹಿಡಿದುಕೊಂಡಳು.

"ತಾಳು ಮಾವ."

ಅಮ್ಮ ಹಲ್ಲು ಕಚ್ಚಿ ಇನ್ನೊಂದು ಹೆಜ್ಜೆ ಇಟ್ಟಳು. ಇನ್ನೊಂದು. ಬೈಕು ಸ್ಟ್ಯಾಂಡಿನ ಮೇಲೆ ಕಟ್ ಎಂದು ನಿಂತಿತು.

ಅಮ್ಮ ಹೆಲ್ಮೆಟ್ ತೆಗೆದಳು. ಕೂದಲೆಲ್ಲ ಬೆವರಿಗೆ ಹಣೆಗೆ ಅಂಟಿತ್ತು, ಗಲ್ಲದಲ್ಲಿ ಮಣ್ಣಿತ್ತು. ಬೈಕಿನ ಒಂದು ಕನ್ನಡಿ ಮುರಿದು ಕೆಳಗೆ ಬಿದ್ದಿತ್ತು. ಅದನ್ನು ನೋಡಿ ಅವಳು ಚಿಕ್ಕ ಹುಡುಗಿಯಂತೆ ನಾಲಿಗೆ ಕಚ್ಚಿಕೊಂಡಳು.

ಚೂಟಿ ದಿಬ್ಬ ಹತ್ತಿ ಹೋಗಿ ಅವಳ ಪಕ್ಕ ನಿಂತಳು. ಅಲ್ಲಿಂದ ನೋಡಿದರೆ ದೂರದ ಗುಡ್ಡ ನೀಲಿಯಾಗಿ ಕಾಣುತ್ತಿತ್ತು. ವಾರವಿಡೀ ಅವಳು ಆ ಕಡೆ ತಿರುಗಿಯೂ ನೋಡಿರಲಿಲ್ಲ.

"ಅಮ್ಮ, ಅಲ್ಲಿಯ ಪಾಪುಗಳು ಇಂಜೆಕ್ಷನ್ ಅಂದ್ರೆ ತುಂಬಾ ಅಳ್ತಾರಾ?"

"ಅಳದೆ ಇರ್ತಾರಾ?"

ಚೂಟಿ ಅಮ್ಮನ ಗಲ್ಲದ ಮಣ್ಣು ಒರೆಸಿದಳು.

"ನಾಳೆ ಎಷ್ಟು ಹೊತ್ತಿಗೆ ಹೊರಡ್ತೀಯ? ನನ್ನನ್ನೂ ಎಬ್ಬಿಸು. ಡಬ್ಬಿ ನಾನು ಕಟ್ತೀನಿ."