ಹದಿನಾರು ಪುಟ

2025ರ ನವೆಂಬರ್ 11, ಮಂಗಳವಾರ, ಬೆಳಿಗ್ಗೆ 10.20. ಬೇಲೂರು ಠಾಣೆಯ ಪಿ.ಎಸ್.ಐ. ಲತಾಮಣಿಯ ಎದುರು ಬಂದು ಕುಳಿತವನು ಪಶುಪಾಲನಾ ಇಲಾಖೆಯ ಗುಮಾಸ್ತ ಸಿದ್ಧಾರ್ಥ. ಬಿಳಿ ಬಟ್ಟೆಯಲ್ಲಿ ಸುತ್ತಿದ್ದ ಒಂದು ತೆಳು ಪುಸ್ತಕವನ್ನು ಮೇಜಿನ ಮೇಲಿಟ್ಟು, ಕಳ್ಳತನದ ದೂರು ಕೊಡಬೇಕು ಎಂದ.

“ಏನು ಕಳುವಾಗಿದೆ?”

“ಈ ಪುಸ್ತಕ ಮೇಡಂ.”

“ಪುಸ್ತಕ ಇಲ್ಲೇ ಇದೆಯಲ್ರೀ.”

“ಇದರೊಳಗೆ ಹದಿನಾರು ಪುಟ ಇಲ್ಲ. ಮೂವತ್ತಮೂರರಿಂದ ನಲವತ್ತೆಂಟು.”

ಪಕ್ಕದಲ್ಲಿ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ಜವರಪ್ಪ ಕೆಮ್ಮಿನ ನೆಪದಲ್ಲಿ ನಕ್ಕ. ಆ ವಾರ ಠಾಣೆಗೆ ಎರಡು ಬೈಕು, ಒಂದು ಪಂಪ್‌ಸೆಟ್ಟು ಕಳುವಾದ ದೂರು ಬಂದಿದ್ದವು. ಪುಟ ಕಳೆದುಕೊಂಡವನು ಅವನ ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಇವನೊಬ್ಬನೇ. “ಯಾರತ್ರನಾದ್ರೂ ಇಸ್ಕೊಂಡು ಜೆರಾಕ್ಸ್ ಮಾಡಿಸಿ ಸೇರಿಸ್ಕೊಳಿ ಸಾರ್” ಎಂದ.

ಸಿದ್ಧಾರ್ಥ ನಗಲಿಲ್ಲ. ಅವನು ಹಳೆಯ ನಾಟಕಗಳ ಅಚ್ಚಾದ ಪುಸ್ತಕ ಕೂಡಿಡುವವನು. ಇದು 1926ರಲ್ಲಿ ಮೈಸೂರಿನಲ್ಲಿ ಅಚ್ಚಾದ ‘ಮಣಿಧ್ವಜ ಪ್ರತಾಪ’. ಹದಿನಾರು ಪುಟಕ್ಕೊಂದು ಕಟ್ಟಿನಂತೆ ಆರು ಕಟ್ಟು, ಒಟ್ಟು ತೊಂಬತ್ತಾರು ಪುಟ. ಹಳ್ಳಿಗಳಲ್ಲಿ ನಾಟಕ ಕಲಿಸುವ ಮೇಷ್ಟ್ರುಗಳು ಪುಸ್ತಕ ಬಂದ ದಿನವೇ ಹೊಲಿಗೆ ಬಿಚ್ಚಿ, ಯಾರ ಪಾರ್ಟು ಎಲ್ಲಿದೆಯೋ ಆ ಕಟ್ಟನ್ನು ಅವರ ಕೈಗೆ ಕೊಟ್ಟು ಬಾಯಿಪಾಠ ಮಾಡಿಸುತ್ತಿದ್ದರು. ಹಾಗಾಗಿ ಇಂಥ ಪುಸ್ತಕ ಇಡಿಯಾಗಿ ಉಳಿಯುವುದೇ ಅಪರೂಪ. ಸಿದ್ಧಾರ್ಥನಿಗೆ ತಿಳಿದಂತೆ ಇದರ ಪೂರ್ತಿ ಪ್ರತಿ ಉಳಿದಿದ್ದು ಅವನ ಮನೆಯಲ್ಲಿ ಮಾತ್ರ.

“ಬರೋ ಭಾನುವಾರ, ಹದಿನಾರನೇ ತಾರೀಖು, ಬೇಲೂರಲ್ಲೇ ಹಳೇ ನಾಟಕದ ಪುಸ್ತಕಗಳ ಪ್ರದರ್ಶನ ಇದೆ ಮೇಡಂ. ಪೂರ್ತಿ ಪ್ರತಿ ಅಂತ ಕಾರ್ಡು ಬರೆಸಿ ಆಗಿದೆ. ಕೆಳಗೆ ನಮ್ಮ ತಾತ ಉಗ್ರಪ್ಪನ ಹೆಸರು. ನಮ್ಮಜ್ಜಿಗೆ ಎಂಬತ್ತೆಂಟು ವರ್ಷ. ತಾತನ ಹೆಸರು ನಾಲ್ಕು ಜನರ ಮುಂದೆ ಇರೋದನ್ನ ನೋಡ್ಬೇಕು ಅಂತ ಕಾಯ್ತಾ ಇದ್ದಾರೆ. ಅರ್ಧಂಬರ್ಧ ಪುಸ್ತಕ ಆದ್ರೆ ಇಡಲ್ಲ ಅಂದಿದ್ದಾರೆ ಅಲ್ಲಿಯವರು.”

ಲತಾಮಣಿ ಜವರಪ್ಪನತ್ತ ಒಮ್ಮೆ ನೋಡಿದಳು. ಅವನ ನಗು ನಿಂತಿತು. 11.05ಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕಲಂ 305ರಡಿ, ವಾಸದ ಮನೆಯಲ್ಲಿ ಕಳವು ಎಂದು ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಸಿದ್ಧಾರ್ಥನ ಮನೆಯಲ್ಲಿ ಪಂಚನಾಮೆ ನಡೆಯಿತು. ಬೀಗ ಮುರಿದಿರಲಿಲ್ಲ, ಬೀರು ಮುಟ್ಟಿರಲಿಲ್ಲ. ಹಿಂದಿನ ಭಾನುವಾರ, ಒಂಬತ್ತನೇ ತಾರೀಖು, ಪುಸ್ತಕ ನೋಡಲು ಇಬ್ಬರು ಬಂದಿದ್ದರು. ಬೆಳಿಗ್ಗೆ ಹಳೇಬೀಡಿನ ನಾಟಕದ ಮೇಷ್ಟ್ರು ಇಂದ್ರೇಶ್, ಮಧ್ಯಾಹ್ನ ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ನಂಜಪ್ಪ. ಇಬ್ಬರೂ ಸಿದ್ಧಾರ್ಥನ ಹಾಗೆಯೇ ಪುಸ್ತಕದ ಹುಚ್ಚಿನವರು. ಸೋಮವಾರ ಸಂಜೆ ಪ್ರದರ್ಶನದ ಪಟ್ಟಿಗಾಗಿ ಪುಟ ಎಣಿಸುವಾಗ ವಿಷಯ ಗೊತ್ತಾಯಿತು.

“ಅವರನ್ನ ಪುಸ್ತಕದ ಜೊತೆ ಒಂಟಿಯಾಗಿ ಬಿಟ್ಟಿದ್ರಾ?”

“ಇಬ್ಬರಿಗೂ ಕಾಫಿ ಮಾಡೋಕೆ ಒಳಗೆ ಹೋಗಿದ್ದೆ. ನಂಜಪ್ಪೋರು ಬಂದಾಗ ಹಾಲು ಒಡೆದುಹೋಗಿತ್ತು, ಅಂಗಡಿಗೆ ಹೋಗಿಬಂದೆ. ಒಂದು ಕಾಲು ಗಂಟೆ. ದೊಡ್ಡವರು ಮೇಡಂ, ಅವರ ಮೇಲೆ ಅನುಮಾನ ಪಡೋಕೆ ಮನಸ್ಸು ಬರಲ್ಲ.”

ಲತಾಮಣಿ ಪುಸ್ತಕವನ್ನು ಬೆಳಕಿಗೆ ಹಿಡಿದಳು. ಹರಿದ ಗುರುತಿಲ್ಲ, ಬ್ಲೇಡಿನ ಗುರುತಿಲ್ಲ. ಬೆನ್ನಿನ ಬದಿಯಲ್ಲಿ ಮೂರು ತೂತು, ಅದರಲ್ಲಿ ಹೊಸ ದಾರ. ಕದ್ದವನು ಹೊಲಿಗೆ ಬಿಚ್ಚಿ, ಒಂದು ಕಟ್ಟು ಎಳೆದುಕೊಂಡು, ಉಳಿದದ್ದನ್ನು ಮತ್ತೆ ಹೊಲಿದು ಗಂಟು ಹಾಕಿ ಹೋಗಿದ್ದ. ಇಂಥ ನಾಜೂಕಿನ ಕಳ್ಳನನ್ನು ಅವಳು ಕಂಡಿರಲಿಲ್ಲ. ತೂತುಗಳು ಸ್ವಲ್ಪ ದೊಡ್ಡದಾಗಿದ್ದವು. ಅದನ್ನೂ ಗಂಟನ್ನೂ ಪಂಚನಾಮೆಯಲ್ಲಿ ಬರೆಸಿ ಫೋಟೋ ತೆಗೆಸಿದಳು.

ಗೋಡೆಗೆ ಒರಗಿ ಕುಳಿತಿದ್ದ ಅಜ್ಜಿ ದೇವೀರಮ್ಮ ಕೈಸನ್ನೆ ಮಾಡಿ ಕರೆದರು.

“ಸಿಕ್ತದಾ ಕಣವ್ವ?”

“ಹುಡುಕ್ತೀವಿ ಅಜ್ಜಿ. ಈ ಪುಸ್ತಕ ನಿಮ್ಮನೆಯೋರಿಗೆ ಹೆಂಗ್ ಬಂತು?”

“ನಮ್ಮೂರು ಹಗರೇಲಿ ನಾಟ್ಕ ಆಡೋರು. ನಮ್ ಜಾತಿಯೋರ್ನ ರಂಗದ್ ಮ್ಯಾಲೆ ಹತ್ತುಸ್ತಿರ್ಲಿಲ್ಲ. ಆದ್ರೆ ಓದು ಬರೋರು ಊರಲ್ಲಿ ನಾಕೇ ಜನ. ಅದ್ಕೇ ನಮ್ಮನೆಯೋರ್ನ ಪರದೆ ಹಿಂದೆ ನಿಲ್ಲುಸ್ಕಂಡು ಮಾತು ಹೇಳ್ಕೊಡೋಕೆ ಇಟ್ಕಂಡ್ರು. ಎಲ್ರ ಮಾತೂ ಹೇಳ್ಕೊಡ್ಬೇಕಲ್ಲ, ಪುಸ್ತ್ಕ ಇಡೀದಾಗೇ ಕೊಟ್ರು. ಅವ್ರಿಗೆ ನಮ್ಮೋರ ದನಿ ಆಗ್ತಿತ್ತು, ಮಕ ಆಗ್ತಿರ್ಲಿಲ್ಲ.”

ಮುದುಕಿ ಇದನ್ನು ಸಿಟ್ಟಿನಿಂದ ಹೇಳಲಿಲ್ಲ. ಲತಾಮಣಿಗೇ ಸಿಟ್ಟು ಬಂತು.

12ರಂದು ಬೆಳಿಗ್ಗೆ ಹಳೇಬೀಡಿನಲ್ಲಿ ಇಂದ್ರೇಶನ ವಿಚಾರಣೆ. ಅನುಮಾನಕ್ಕೆ ಕಾರಣವಿತ್ತು: ಅವನ ಬಳಿಯೂ ಅದೇ ನಾಟಕದ ಹರುಕು ಪ್ರತಿ ಇತ್ತು, ಅದರಲ್ಲಿ 33ರಿಂದ 48 ಇರಲಿಲ್ಲ. ಕಾನ್‌ಸ್ಟೇಬಲ್ ಚನ್ನೇಶ್ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದಂತೆ ಮನೆಯ ನಾಲ್ಕು ಟ್ರಂಕು ಬಿಚ್ಚಿ ನೋಡಿದರು. ಹಲ್ಲಿ ಮೊಟ್ಟೆ ಸಿಕ್ಕಿತು, ಪುಟ ಸಿಗಲಿಲ್ಲ.

“ನೀವು ಹೋದಾಗ ಪುಸ್ತಕ ಪೂರ್ತಿ ಇತ್ತಾ?”

“ಇತ್ತು. ದರ್ಬಾರ್ ಸೀನು ಪೂರಾ ಓದ್ದೆ. ಮೂವತ್ತೇಳನೇ ಪುಟ ಅದರಲ್ಲೇ ಬರೋದು.”

“ನಿಮ್ಮ ಹತ್ತಿರ ಇಲ್ಲದ ಪುಟಗಳೇ ಕಳುವಾಗಿವೆ.”

“ಮೇಡಂ, ಮನಸ್ಸಿಗೆ ಬಂದಿತ್ತು, ಸುಳ್ಳು ಹೇಳಲ್ಲ. ಆ ಹುಡುಗನ ಹತ್ರ ಇಡೀ ಪುಸ್ತಕ ನೋಡಿ ಹೊಟ್ಟೆ ಉರೀತು. ಆದ್ರೆ ಕದಿಯೋನಾಗಿದ್ರೆ ಇಡೀ ಪುಸ್ತಕಾನೇ ಎತ್ಕೊಂಡು ಬರ್ತಿದ್ದೆ.”

ಸಿದ್ಧಾರ್ಥನ ಹೆಂಡತಿ ಯಶೋಧರಾ, ಇಂದ್ರೇಶ್ ಇದ್ದಷ್ಟು ಹೊತ್ತೂ ತಾನು ಬಾಗಿಲಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದೆ ಎಂದು ಹೇಳಿಕೆ ಕೊಟ್ಟಳು. ಇಂದ್ರೇಶನ ಹೆಸರಿನ ಮೇಲೆ ಲತಾಮಣಿ ಗೀಟು ಎಳೆದಳು.

ಮಧ್ಯಾಹ್ನ 2.30ಕ್ಕೆ ಜೀಪು ಅರಸೀಕೆರೆಯ ಕೊಬ್ಬರಿ ಮಂಡಿಯ ಮುಂದೆ ನಿಂತಿತು. ನಂಜಪ್ಪನವರಿಗೆ ಅರವತ್ತಾರು ವರ್ಷ. ಹಣೆಯಲ್ಲಿ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. “ಬನ್ನಿ ಬನ್ನಿ, ಕೂತ್ಕಳಿ” ಎಂದು ಕುರ್ಚಿ ಹಾಕಿಸಿ ಎಳನೀರು ತರಿಸಿದರು. ಮೂಲದಲ್ಲಿ ಅವರೂ ಹಗರೆಯವರೇ. ಅವರ ತಂದೆ ಮರುಳಪ್ಪ ಅದೇ ನಾಟಕದಲ್ಲಿ ಮಣಿಧ್ವಜ ರಾಜನ ಪಾರ್ಟು ಮಾಡಿ ಸುತ್ತಲ ಹತ್ತೂರಿಗೆ ಹೆಸರಾಗಿದ್ದವರು.

“ನಿಮ್ಮ ಪ್ರತಿ ನೋಡಬಹುದಾ?”

ಕೇಳಿದ್ದೇ ತಡ, ಮನೆಗೆ ಕರೆದೊಯ್ದು ಗಾಜಿನ ಬೀರು ತೆಗೆದರು. “ಮೂವತ್ತು ವರ್ಷ ಆಯ್ತು ಮೇಡಂ ಇದನ್ನ ಕೂಡ್ಸೋಕೆ. ಒಂದ್ ಕಟ್ಟು ಜಾವಗಲ್‌ನಲ್ಲಿ ಸಿಕ್ತು, ಒಂದು ಬಾಣಾವರದಲ್ಲಿ, ದನದ ಕೊಟ್ಟಿಗೇಲಿ. ಐದು ಕಟ್ಟು ಸೇರಿದಾವೆ. ಅರವತ್ತೈದರಿಂದ ಎಂಬತ್ತು ಒಂದೇ ಬಾಕಿ.”

ಲತಾಮಣಿ ಪುಟ ತಿರುಗಿಸಿದಳು. 33ರಿಂದ 48 ಇದ್ದವು. ಹಳೆಯ ಎಣ್ಣೆಕಲೆ ಸಮೇತ, ಶುಭ್ರವಾಗಿ ಹೊಲಿದುಕೊಂಡು, ವರ್ಷಗಳಿಂದ ಅಲ್ಲೇ ಇದ್ದವೆಂದು ಕಣ್ಣಿಗೆ ಕಾಣುವಂತೆ. ಇರುವ ಪುಟವನ್ನು ಯಾರು ಕದಿಯುತ್ತಾರೆ? ಬೇಕಿದ್ದ 65ರಿಂದ 80 ಸಿದ್ಧಾರ್ಥನ ಪುಸ್ತಕದಲ್ಲಿ ಮುಟ್ಟದೆ ಹಾಗೇ ಇತ್ತಲ್ಲ!

“ಆ ಬಾಕಿ ಪುಟಗಳನ್ನ ಸಿದ್ಧಾರ್ಥ ಅವರನ್ನ ಕೇಳಿದ್ರಾ?”

“ಕೇಳೋದೇನು, ಅವನೇ ಜೆರಾಕ್ಸ್ ಮಾಡಿಸಿ ತಂದ್ಕೊಟ್ಟ. ದುಡ್ಡೂ ಬೇಡ ಅಂದ” ಎಂದರು ನಂಜಪ್ಪ. ಮುಖದಲ್ಲಿ ನಗುವಿತ್ತು, ಆದರೆ ಬೀರುವಿನ ಬಾಗಿಲನ್ನು ಬೇಕಿದ್ದಕ್ಕಿಂತ ಜೋರಾಗಿ ಮುಚ್ಚಿದರು.

ಕೇಸು ಅಲ್ಲಿಗೆ ಕೈಕೊಟ್ಟಿತು. ಪುಟ ಬೇಕಾದವನು ಕದ್ದಿಲ್ಲ, ಕದಿಯಬಹುದಾದವನಿಗೆ ಪುಟ ಬೇಕಿಲ್ಲ. ಭಾನುವಾರಕ್ಕೆ ಉಳಿದದ್ದು ನಾಲ್ಕೇ ದಿನ.

13ರ ಬೆಳಿಗ್ಗೆ ಠಾಣೆಗೆ ಬಂದ ಪತ್ರಿಕೆಯ ಮೂರನೇ ಪುಟದಲ್ಲಿ ಲತಾಮಣಿಯ ಜೊತೆಯಲ್ಲೇ ಕೆಲಸಕ್ಕೆ ಸೇರಿದ ಪುಷ್ಪಲತಾಳ ಫೋಟೋ ಇತ್ತು. ಹೆಗಲ ಮೇಲೆ ಮೂರು ನಕ್ಷತ್ರ, ಕೈಯಲ್ಲಿ ಹೂಗುಚ್ಛ. ತರಬೇತಿಯಲ್ಲಿ ಓಟಕ್ಕೆ ನಿಂತರೆ ಏದುಸಿರು ಬಿಡುತ್ತಿದ್ದವಳು ಈಗ ಇನ್‌ಸ್ಪೆಕ್ಟರ್! ಲತಾಮಣಿ ಫೋನ್ ಮಾಡಿ ಶುಭಾಶಯ ಹೇಳಿದಳು, ನಕ್ಕಳು, ಫೋನ್ ಇಟ್ಟಳು. ಆಮೇಲೆ ಕುಳಿತಲ್ಲೇ ಒಂದು ವಿಷಯ ಹೊಳೆದು ನಾಚಿಕೆಯಾಯಿತು. ತನಗೆ ಬಡ್ತಿ ಸಿಗದ ಸಂಕಟ ಅಷ್ಟೇನೂ ಇರಲಿಲ್ಲ, ಅದು ರೂಢಿಯಾಗಿತ್ತು. ಆ ಫೋಟೋ ಇರಬಾರದಿತ್ತು, ಅಷ್ಟೇ. ಪುಷ್ಪಲತಾಳ ನಕ್ಷತ್ರ ತನಗೆ ಬರದಿದ್ದರೂ ಸರಿ, ಅವಳ ಹೆಗಲ ಮೇಲೆ ಇಲ್ಲದಿದ್ದರೆ ಸಾಕಿತ್ತು.

ಅವಳು ತಟ್ಟನೆ ಪತ್ರಿಕೆ ಮಡಚಿಟ್ಟಳು. ಎರಡು ದಿನದಿಂದ ಆ ಪುಟ ಯಾರಿಗೆ ಬೇಕು ಎಂದು ಹುಡುಕಿದ್ದೇ ತಪ್ಪು. ಯಾರಿಗೆ ಅದು ಅಲ್ಲಿ ಇರಬಾರದು ಎಂದು ಕೇಳಬೇಕಿತ್ತು.

ಸಿದ್ಧಾರ್ಥನಿಗೆ ಫೋನ್ ಮಾಡಿದಳು. “ಹೋದ ಪುಟಗಳದ್ದು ಒಂದಾದರೂ ಫೋಟೋ ಇದೆಯಾ?”

ಒಂದಿತ್ತು, ಪ್ರದರ್ಶನದ ಆಮಂತ್ರಣಕ್ಕೆಂದು ತೆಗೆದ 37ನೇ ಪುಟ. ಭಾನುವಾರ ಪುಸ್ತಕವನ್ನು ತೆರೆದಿಡುವುದೂ ಅದೇ ಪುಟಕ್ಕೆ ಎಂದ. ಮೊಬೈಲಿಗೆ ಬಂದ ಫೋಟೋವನ್ನು ಅವಳು ದೊಡ್ಡದು ಮಾಡಿ ನೋಡಿದಳು. ರಾಜನ ಮಾತುಗಳ ಪಕ್ಕದ ಅಂಚಿನಲ್ಲಿ ಸಣ್ಣ ಪೆನ್ಸಿಲ್ ಅಕ್ಷರ: ‘ಮರುಳಪ್ಪನವರು ಇಲ್ಲಿ ಮರೆಯುತ್ತಾರೆ.’ ಎರಡು ಸಾಲಿನ ಕೆಳಗೆ: ‘ಇಲ್ಲಿಯೂ. ಜೋರಾಗಿ ಹೇಳುವುದು.’ ಅದರ ಕೆಳಗೆ: ‘ಇಲ್ಲಿಂದ ಪೂರ್ತಿ ನಾನೇ.’

“ಇದನ್ನ ನಮಗ್ಯಾಕೆ ಹೇಳಲಿಲ್ಲ?”

“ಹೇಳಿಕೊಡೋರು ಹಂಗೇ ಗುರುತು ಹಾಕ್ಕೋತಾರೆ ಮೇಡಂ. ಪುಸ್ತಕದ ತುಂಬಾ ಇದೆ. ದರ್ಬಾರಲ್ಲಿ ಸ್ವಲ್ಪ ಜಾಸ್ತಿ, ಅಷ್ಟೇ.”

ಲತಾಮಣಿ ಜವರಪ್ಪನನ್ನು ಕರೆದು ಪಂಚನಾಮೆಯ ಫೋಟೋ, ಆ ಗಂಟಿನ ಫೋಟೋ, ಮುಂದಿಟ್ಟಳು. ಅವನು ಕನ್ನಡಕ ಹಾಕಿಕೊಂಡು ನೋಡಿ ಹುಬ್ಬೇರಿಸಿದ.

“ಮೊನ್ನೆನೇ ಸರಿಯಾಗಿ ನೋಡ್ಬೇಕಿತ್ತು ಮೇಡಂ. ಇದು ಚೀಲದ ಬಾಯಿ ಹೊಲಿಯೋ ಗಂಟು. ಒಂದ್ ತುದಿ ಎಳೆದ್ರೆ ಬಿಗಿ ಆಯ್ತದೆ, ಇನ್ನೊಂದ್ ತುದಿ ಎಳೆದ್ರೆ ಸರಕ್ ಅಂತ ಬಿಚ್ಕಂತದೆ. ನಮ್ಮಪ್ಪ ಅರಸೀಕೆರೆ ಮಂಡೀಲಿ ಹಮಾಲಿ ಆಗಿದ್ರು, ನಾನೇ ಎಷ್ಟು ಹೊಲಿದಿಲ್ಲ! ತೂತು ದೊಡ್ಡದಾಗಿರೋದು ದಬ್ಬಣದ್ದು.”

14ರಂದು ಬೆಳಿಗ್ಗೆ 9.15ಕ್ಕೆ ಇಬ್ಬರು ಪಂಚರೊಂದಿಗೆ ನಂಜಪ್ಪನವರ ಮನೆಯ ಶೋಧನೆ ನಡೆಯಿತು. ಅವರ ಹೆಂಡತಿ ಕಮಲಾಕ್ಷಮ್ಮ ಕೈಕಟ್ಟಿ ನಿಂತು ನೋಡುತ್ತಿದ್ದರು. ಗಾಜಿನ ಬೀರುವಿನಲ್ಲಿ ಏನೂ ಸಿಗಲಿಲ್ಲ.

“ದೇವರ ಮನೇಲಿ ನೋಡಿ” ಎಂದರು ಕಮಲಾಕ್ಷಮ್ಮ ಇದ್ದಕ್ಕಿದ್ದಂತೆ. “ಐದು ದಿನದಿಂದ ಮಾವನೋರ ಫೋಟೋ ಹಿಂದೆ ಧೂಳು ಹೊಡೆಯೋಕೂ ಬಿಡ್ತಿಲ್ಲ.”

ಮರುಳಪ್ಪನವರ ಫೋಟೋದ ಹಿಂದೆ, ಹಲಗೆ ಮತ್ತು ಗೋಡೆಯ ನಡುವೆ, ಮಡಿ ಪಂಚೆಯ ತುಂಡಿನಲ್ಲಿ ಸುತ್ತಿದ ಹದಿನಾರು ಪುಟ ಇದ್ದವು. ಮೊದಲ ಪುಟದ ಅಂಚಿನಲ್ಲಿ ರಬ್ಬರಿನಿಂದ ಉಜ್ಜಿದ ಗುರುತು. ಉಜ್ಜಿದಲ್ಲಿ ಕಾಗದ ಎದ್ದು, ಅಚ್ಚಿನ ಎರಡು ಅಕ್ಷರವೂ ಮಾಸಿದ್ದವು. ಮುಂದಿನ ಪುಟಗಳನ್ನು ಮುಟ್ಟಿರಲಿಲ್ಲ.

“ಯಾವಾಗ ತೆಗೆದಿರಿ?”

“ಹಾಲಿಗೆ ಅಂತ ಅವನು ಹೋದಾಗ. ದಬ್ಬಣ, ದಾರ ಜೇಬಲ್ಲೇ ಇಟ್ಕಂಡು ಹೋಗಿದ್ದೆ.”

“ಅಜ್ಜಿ ಎದುರಿಗೇ ಇದ್ದರಲ್ಲ?”

“ಅವರ ಕಣ್ಣು ಅಷ್ಟು ದೂರ ಆಗಲ್ಲ. ‘ಚೆಂದಾಗಿದ್ದೀಯಾ ನಂಜಪ್ಪ’ ಅಂತ ಕೇಳಿದ್ರು. ಹೂಂ ಅಂದೆ. ಅನ್ಕೊಂಡೇ ಹೊಲಿದೆ.”

“ಮತ್ತೆ ಹೊಲಿದಿದ್ದು ಯಾಕೆ?”

“ಹಂಗೇ ಬಿಟ್ರೆ ಉಳಿದಿದ್ದೂ ಹಾಳೆ ಹಾಳೆ ಆಗ್ತಿತ್ತಲ್ಲ ಮೇಡಂ” ಎಂದರು ನಂಜಪ್ಪ, ಇಷ್ಟೂ ತಿಳಿಯುವುದಿಲ್ಲವೇ ಎಂಬಂತೆ. “ಅಳಿಸಿಬಿಡೋಣ ಅಂತ ರಬ್ಬರ್ ಹಿಡಿದೆ. ಅಕ್ಷರಾನೂ ಹೋಗೋಕೆ ಶುರುವಾಯ್ತು. ಆಮೇಲೆ ಕೈ ಏಳಲಿಲ್ಲ.”

10.40ಕ್ಕೆ ಅವರನ್ನು ದಸ್ತಗಿರಿ ಮಾಡಿ ಬೇಲೂರಿಗೆ ಕರೆತಂದರು. ಪುಟಗಳನ್ನು ಭಾನುವಾರದೊಳಗೆ ಫಿರ್ಯಾದಿಗೆ ಮರಳಿಸಲು ಪೊಲೀಸರ ಆಕ್ಷೇಪವಿಲ್ಲವೆಂದು ಲತಾಮಣಿ ನ್ಯಾಯಾಲಯಕ್ಕೆ ತಾನೇ ಕೈಯಾರೆ ಪತ್ರ ಬರೆದಳು. ಸಿದ್ಧಾರ್ಥ ಅರ್ಜಿ ಹಿಡಿದು ವಕೀಲರ ಬಳಿ ಓಡಿದ. ಜಪ್ತಿ ಪಟ್ಟಿಗಾಗಿ ಅವಳು ಪುಟಗಳನ್ನು ಒಂದೊಂದಾಗಿ ಎಣಿಸುವಾಗ ಎದುರಿನ ಬೆಂಚಿನಿಂದ ನಂಜಪ್ಪ ತಾವಾಗಿಯೇ ಮಾತಾಡಿದರು.

“ಮೂವತ್ತು ವರ್ಷ ಬೀದಿ ಬೀದಿ ಅಲೆದೆ. ಅವನು ಅಜ್ಜಿ ಪೆಟ್ಟಿಗೆ ತೆಗೆದ, ಇಡೀದಾಗಿ ಸಿಕ್ತು. ಜೆರಾಕ್ಸ್ ತಂದ್ಕೊಟ್ನಲ್ಲ, ಆವತ್ತು ರಾತ್ರಿ ಊಟ ಸೇರಲಿಲ್ಲ. ಅದನ್ನೂ ನುಂಗ್ಕೊಂಡೆ. ಆದ್ರೆ ನಮ್ಮಪ್ಪ ರಾಜನಾಗಿ ನಿಂತ್ರೆ ಮುಂದಿನ ಚಾಪೇಲಿ ಕೂತಿರ್ತಿದ್ದೆ ನಾನು. ಒಂದಕ್ಷರ ಮರೀದೆ ಹೇಳ್ತಾರೆ ಅಂತ ಊರೇ ಚಪ್ಪಾಳೆ ಹೊಡೀತಿತ್ತು. ಆ ಚಪ್ಪಾಳೆ ಪರದೆ ಹಿಂದಿನವನದು ಅಂತ ಊರಿಗೆಲ್ಲ ತೋರ್ಸೋಕೆ ಹೊರಟಿದ್ದ ಅವನ ಮೊಮ್ಮಗ.”

ಲತಾಮಣಿ 48ನೇ ಪುಟ ತಿರುಗಿಸಿದಳು. ದರ್ಬಾರ್ ಸೀನು ಮುಗಿಯುವಲ್ಲಿ, ಕೆಳಗಿನ ಖಾಲಿ ಜಾಗದಲ್ಲಿ ಅದೇ ಪೆನ್ಸಿಲ್ಲು. ಓದಿ, ಪುಟವನ್ನು ಬೆಂಚಿನತ್ತ ತಿರುಗಿಸಿ ಹಿಡಿದಳು.

“ಇದನ್ನ ಓದಿದ್ರಾ?”

ನಂಜಪ್ಪ ಓದಿರಲಿಲ್ಲ. ಕನ್ನಡಕ ಹಾಕಿಕೊಂಡು ಮುಂದೆ ಬಾಗಿದರು. ‘1968 ಶಿವರಾತ್ರಿ. ಈ ದಿವಸ ಮರುಳಪ್ಪನವರು ಒಂದು ಮಾತೂ ಮರೆಯಲಿಲ್ಲ. ನಾನು ಬಾಯಿ ತೆರೆಯಲಿಲ್ಲ. ಬಹಳ ಸಂತೋಷವಾಯಿತು. ಉಗ್ರಪ್ಪ.’

ಮುದುಕರು ಅಳುತ್ತಾರೆ, ಅಜ್ಜಿಯ ಕ್ಷಮೆ ಕೇಳುತ್ತಾರೆ ಎಂದುಕೊಂಡಿದ್ದಳು ಲತಾಮಣಿ. ನಂಜಪ್ಪನವರ ಕಣ್ಣು ತುಂಬಿದ್ದು ನಿಜ. ಆದರೆ ದವಡೆ ಬಿಗಿದಿತ್ತು.

“ನೋಡಿದ್ರಾ” ಎಂದರು. “ನಮ್ಮಪ್ಪ ಚೆನ್ನಾಗಿ ಮಾಡಿದ್ರು ಅಂತ ಹೇಳೋಕೂ ಅವನೇ ಬೇಕಾಯ್ತು.”

ಜವರಪ್ಪ ಪೆನ್ನು ಹಿಡಿದು ಕಾಯುತ್ತಿದ್ದ. ಕೃತ್ಯಕ್ಕೆ ಕಾರಣ ಎಂಬ ಕಡೆ ಏನು ಬರೆಯಲಿ ಎಂದು ಕೇಳಿದ. ಹೊಟ್ಟೆಕಿಚ್ಚು ಎಂದು ಬರೆಯಲು ಹೇಳಿದಳು ಲತಾಮಣಿ. ನಂಜಪ್ಪ ಅದನ್ನು ಕೇಳಿಸಿಕೊಂಡ ಹಾಗಿರಲಿಲ್ಲ. ಆ ಪುಟವನ್ನು ಇನ್ನೊಂದು ಸಲ ತೋರಿಸಿ ಎಂದು ಕೈ ಚಾಚಿದ್ದರು.